ಕೋಲು ಮೇಲೇಕೆ ಹೋಯಿತು? ಗುಂಪು ಆಪ್ತಸಮಾಲೋಚನೆಯಲ್ಲಿ ಸಾಹಸ ಚಟುವಟಿಕೆಗಳ ಕೆಲಸ

ಶಾಲೆಯಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಒಂದು ಒಪ್ಪಿಗೆ ಪತ್ರ ಬರುತ್ತದೆ. ಗುಂಪು ಆಪ್ತಸಮಾಲೋಚನೆಯ ಅಂಗವಾಗಿ ಸಾಹಸ ಚಟುವಟಿಕೆ ನಡೆಸುತ್ತೇವೆ, ಸಹಿ ಮಾಡಿ ಕಳಿಸಿ ಎಂದು ಅದರಲ್ಲಿರುತ್ತದೆ. ಓದಿದವರಿಗೆ ಎರಡು ಅನುಮಾನ ಒಟ್ಟಿಗೇ ಏಳುತ್ತವೆ. ಕಷ್ಟ ಹೇಳಿಕೊಳ್ಳಲು ಹೋದವರನ್ನು ಹಗ್ಗ ಹತ್ತಿಸುವುದೇಕೆ? ಇದು ಬರೀ ಆಟವಾದರೆ ಅದಕ್ಕೆ ಆಪ್ತಸಮಾಲೋಚನೆ ಎಂಬ ಹೆಸರೇಕೆ? ಎರಡೂ ನ್ಯಾಯವಾದ ಪ್ರಶ್ನೆಗಳು. ಉತ್ತರ ಸಿಗಬೇಕಾದರೆ ಹಗ್ಗ, ಕೋಲು, ಚೆಂಡುಗಳಿಗಿಂತ ಅವುಗಳ ಹಿಂದೆ ಮುಂದೆ ಏನು ನಡೆಯುತ್ತದೆ ಎಂದು ನೋಡಬೇಕು.

ಮೊದಲು ಪದಗಳು

ಒಂದೇ ಬಗೆಯ ತೊಡಕೋ ಒಂದೇ ಗುರಿಯೋ ಇರುವ ಕೆಲವರು ತರಬೇತಾದ ಆಪ್ತಸಮಾಲೋಚಕರ ಜೊತೆ ನಿಗದಿತ ದಿನಗಳಲ್ಲಿ ಮತ್ತೆ ಮತ್ತೆ ಸೇರುವುದು ಗುಂಪು ಆಪ್ತಸಮಾಲೋಚನೆ. ಇಲ್ಲಿ ಗುಣ ಬರುವುದು ಸಮಾಲೋಚಕರ ಮಾತಿನಿಂದ ಮಾತ್ರವಲ್ಲ, ಗುಂಪಿನಿಂದಲೂ ಬರುತ್ತದೆ. ‘ನನ್ನೊಬ್ಬನಿಗೇ ಹೀಗೆ’ ಎಂಬ ಭಾವನೆ ಕರಗುತ್ತದೆ. ಇನ್ನೊಬ್ಬರಿಗೆ ನೆರವಾದಾಗ ತನ್ನಿಂದಲೂ ಉಪಯೋಗವಿದೆ ಎನಿಸುತ್ತದೆ. ತನ್ನ ನಡವಳಿಕೆ ಬೇರೆಯವರನ್ನು ಹೇಗೆ ತಾಕುತ್ತದೆ ಎಂಬುದು ಎದುರಿಗೇ ತಿಳಿಯುತ್ತದೆ. ಮನೋವೈದ್ಯ ಅರ್ವಿನ್ ಯಾಲೊಮ್ 1970ರಲ್ಲಿ ಗುಂಪು ಚಿಕಿತ್ಸೆಯ ಬಗ್ಗೆ ಬರೆದಾಗ ಗುರುತಿಸಿದ ಗುಣಕಾರಿ ಅಂಶಗಳಲ್ಲಿ ಇವು ಸೇರಿವೆ.

ಅನುಭವಾಧಾರಿತ ಕಲಿಕೆ ಎಂದರೆ ಮಾಡಿ ಕಲಿಯುವುದು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಅದು ಅರ್ಧ ಮಾತು. ಮಾಡಿದ್ದೆಲ್ಲ ಕಲಿಕೆಯಾಗುವುದಿಲ್ಲ, ಕೆಲವು ಅನುಭವಗಳು ಮುಂದಿನ ಕಲಿಕೆಗೇ ಅಡ್ಡ ಬರುತ್ತವೆ ಎಂದು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1938ರಷ್ಟು ಹಿಂದೆಯೇ ಎಚ್ಚರಿಸಿದ್ದರು. 1984ರಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ ಅನುಭವದಿಂದ ಕಲಿಯುವುದನ್ನು ನಾಲ್ಕು ಹೆಜ್ಜೆಗಳ ಚಕ್ರವಾಗಿ ವಿವರಿಸಿದರು. ಒಂದು ಅನುಭವ ಆಗುತ್ತದೆ, ಅದನ್ನು ಹಿಂದಿರುಗಿ ನೋಡುತ್ತೇವೆ, ಅದರಿಂದ ಒಂದು ತಿಳಿವಳಿಕೆ ಹೊರಡುತ್ತದೆ, ಆ ತಿಳಿವಳಿಕೆಯನ್ನು ಮುಂದಿನ ಸಲ ಬಳಸಿ ನೋಡುತ್ತೇವೆ. ಚಟುವಟಿಕೆ ಈ ನಾಲ್ಕರಲ್ಲಿ ಮೊದಲನೆಯ ಹೆಜ್ಜೆ ಮಾತ್ರ. ಕೆಟ್ಟದಾಗಿ ನಡೆದ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಅಲ್ಲಿಗೇ ನಿಂತಿರುತ್ತವೆ.

ಇನ್ನು ಸಾಹಸ. ಫಲಿತಾಂಶ ಮೊದಲೇ ಗೊತ್ತಿಲ್ಲದ, ಸ್ವಲ್ಪ ಅಳುಕು ಹುಟ್ಟಿಸುವ, ಒಬ್ಬರಿಂದಲೇ ಮುಗಿಯದ ಯಾವ ಕೆಲಸವೂ ಈ ಲೆಕ್ಕದಲ್ಲಿ ಸಾಹಸವೇ. ಬೆಟ್ಟ, ನದಿ ಬೇಕೆಂದಿಲ್ಲ. ಕುರ್ಚಿಗಳನ್ನು ಬದಿಗೆ ಸರಿಸಿದ ಕೋಣೆಯೂ ಆದೀತು. ಇಲ್ಲಿ ಅಪಾಯದಲ್ಲಿ ಎರಡು ಬಗೆಯೆಂದು ಗಮನಿಸಬೇಕು. ನಿಜವಾದ ಅಪಾಯ ಒಂದು, ಮನಸ್ಸಿಗೆ ಅನಿಸುವ ಅಪಾಯ ಇನ್ನೊಂದು. ಒಳ್ಳೆಯ ಚಟುವಟಿಕೆಯಲ್ಲಿ ಮೊದಲನೆಯದು ಆದಷ್ಟು ಕಡಿಮೆ ಇರುತ್ತದೆ, ಎರಡನೆಯದು ಬೇಕಾದಷ್ಟು ಇರುತ್ತದೆ. ಕಣ್ಣು ಮುಚ್ಚಿ ಇನ್ನೊಬ್ಬರ ಮಾತಿನ ಮೇಲೆ ಹತ್ತು ಹೆಜ್ಜೆ ನಡೆಯುವುದರಲ್ಲಿ ಬೀಳುವ ಭಯವೇನಿಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತದೆ.

ಬಂದ ದಾರಿ

ನಾಜಿಗಳ ಆಳ್ವಿಕೆಯಲ್ಲಿ ಜರ್ಮನಿ ಬಿಟ್ಟು ಬ್ರಿಟನ್‌ಗೆ ಬಂದ ಶಿಕ್ಷಣತಜ್ಞ ಕರ್ಟ್ ಹಾನ್, ಹಡಗು ಕಂಪನಿ ನಡೆಸುತ್ತಿದ್ದ ಲಾರೆನ್ಸ್ ಹೋಲ್ಟ್ ಅವರ ಜೊತೆಗೂಡಿ 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಆರಂಭಿಸಿದರು. ಯುದ್ಧಕಾಲದ ಕಡಲಿನಲ್ಲಿ ತರುಣ ನಾವಿಕರು ಎದೆಗುಂದದೆ ಬದುಕುಳಿಯುವುದನ್ನು ಕಲಿಯಬೇಕು ಎಂಬುದು ಆಗಿನ ಉದ್ದೇಶ. 1960ರ ದಶಕದ ಮೊದಲಲ್ಲಿ ಅದು ಅಮೆರಿಕಕ್ಕೆ ದಾಟಿತು.

ವಾರಗಟ್ಟಲೆ ಕಾಡಿನಲ್ಲಿ ಕಳೆಯುವುದು ಎಲ್ಲರಿಂದ ಆಗುವುದಿಲ್ಲವಲ್ಲ. ಅದೇ ತಿರುಳನ್ನು ಶಾಲೆಯ ಅಂಗಳಕ್ಕೆ ತರುವ ಪ್ರಯತ್ನ 1971ರಲ್ಲಿ ಮ್ಯಾಸಚೂಸೆಟ್ಸ್‌ನ ಹ್ಯಾಮಿಲ್ಟನ್‌ನಲ್ಲಿ ಪ್ರಾಜೆಕ್ಟ್ ಅಡ್ವೆಂಚರ್ ಹೆಸರಿನಲ್ಲಿ ನಡೆಯಿತು. ಇವತ್ತು ಗುಂಪುಗಳಲ್ಲಿ ಬಳಸುವ ಹಲವು ಚಟುವಟಿಕೆಗಳು ಹರಡಿದ್ದು, ಮುಂದೆ ಹೇಳುವ ‘ಆಯ್ಕೆಯ ಸವಾಲು’ ನಿಯಮ ಬೆಳೆದದ್ದು ಅಲ್ಲಿಂದಲೇ. 1980ರ ದಶಕದ ಹೊತ್ತಿಗೆ ಅದೇ ಸಂಸ್ಥೆಯವರು ಇದನ್ನು ಆಪ್ತಸಮಾಲೋಚನೆಯ ಒಂದು ವಿಧಾನವಾಗಿಯೇ ಬರೆದಿಟ್ಟರು.

ಮಾತಿಗಿಂತ ಮೊದಲು ಕೆಲಸ ಏಕೆ

ವೃತ್ತಾಕಾರವಾಗಿ ಕೂತು ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಜನ ತಮ್ಮ ಬಗ್ಗೆ ತಾವು ಒಪ್ಪಿಕೊಂಡಿರುವ ಕಥೆಯನ್ನು ಹೇಳುತ್ತಾರೆ. ‘ನಾನು ಯಾರ ಮೇಲೂ ಕೂಗಾಡುವುದಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ, ಅವರಿಗೆ ಅದು ನಿಜವಾಗಿಯೂ ಕಂಡಿರುವುದಿಲ್ಲ. ಹದಿಹರೆಯದವರ ವಿಷಯದಲ್ಲಂತೂ ಮಾತೇ ಹೊರಡುವುದಿಲ್ಲ. ಎಲ್ಲರ ಕೈಗೂ ಒಂದು ಕೆಲಸ ಕೊಟ್ಟರೆ ಐದೇ ನಿಮಿಷದಲ್ಲಿ ನಡವಳಿಕೆ ನಡುಮನೆಗೆ ಬಂದು ಕೂರುತ್ತದೆ.

ಇದಕ್ಕೆ ಹೀಲಿಯಂ ಕೋಲಿನಷ್ಟು ಅಗ್ಗದ, ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಎರಡೂವರೆಯಿಂದ ಮೂರು ಮೀಟರ್ ಉದ್ದದ ತೆಳ್ಳನೆಯ ಹಗುರ ಕೋಲು ಬೇಕು. ಗುಡಾರದ ಕಂಬ ಸರಿಹೋಗುತ್ತದೆ. ಎಂಟರಿಂದ ಹತ್ತು ಜನ ಎರಡು ಸಾಲಾಗಿ ಎದುರುಬದುರು ನಿಂತು ತೋರುಬೆರಳು ಚಾಚಿ ಎದೆಮಟ್ಟದಲ್ಲಿ ಹಿಡಿಯುತ್ತಾರೆ. ಕೋಲನ್ನು ಬೆರಳುಗಳ ಮೇಲೆ ಇಡುತ್ತಾರೆ. ನಿಯಮ ಎರಡೇ: ಪ್ರತಿಯೊಬ್ಬರ ಬೆರಳೂ ಕೋಲಿನ ಅಡಿಗೆ ಸದಾ ತಾಗಿರಬೇಕು, ಯಾರೂ ಬೆರಳು ಮಡಿಸಿ ಕೋಲನ್ನು ಹಿಡಿಯಬಾರದು. ಅದನ್ನು ನೆಲಕ್ಕೆ ಇಳಿಸಿದರೆ ಮುಗಿಯಿತು.

ಕೋಲು ಮೇಲಕ್ಕೆ ಹೋಗುತ್ತದೆ. ಬೆರಳು ತಪ್ಪಿಹೋಗಬಾರದೆಂದು ಪ್ರತಿಯೊಬ್ಬರೂ ತುಸು ಮೇಲಕ್ಕೆ ಒತ್ತಿರುತ್ತಾರೆ. ಕೋಲಿನ ತೂಕ 80 ಗ್ರಾಂ ಎಂದುಕೊಳ್ಳಿ; ಹತ್ತು ಜನ ತಲಾ ಹತ್ತು ಗ್ರಾಂನಷ್ಟು ಒತ್ತಿದರೂ ಒಟ್ಟು 100 ಗ್ರಾಂ. ಯಾರೂ ಎತ್ತುತ್ತಿಲ್ಲ, ಆದರೂ ಕೋಲು ಏರುತ್ತಿದೆ. ಅಲ್ಲಿಂದ ಮುಂದೆ ನಡೆಯುವುದನ್ನು ಸಮಾಲೋಚಕರು ನೋಡುತ್ತಿರುತ್ತಾರೆ. ಒಬ್ಬರು ‘ಯಾರದು ಎತ್ತುತ್ತಿರುವುದು?’ ಎಂದು ರೇಗುತ್ತಾರೆ. ಒಬ್ಬರು ನಗಿಸಲು ಶುರುಮಾಡುತ್ತಾರೆ. ಒಬ್ಬರು ಎಲ್ಲರಿಗೂ ಅಪ್ಪಣೆ ಕೊಡುತ್ತಾರೆ. ಒಬ್ಬರಿಗೆ ಉಪಾಯ ಹೊಳೆದಿದೆ, ಮೆಲ್ಲನೆ ಒಂದು ಸಲ ಹೇಳಿ ಯಾರೂ ಕೇಳದಿದ್ದಾಗ ಸುಮ್ಮನಾಗುತ್ತಾರೆ. ಮನೆಯಲ್ಲಿ, ತರಗತಿಯಲ್ಲಿ, ಕೆಲಸದ ಜಾಗದಲ್ಲಿ ಇವರು ನಡೆದುಕೊಳ್ಳುವ ರೀತಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಆಮೇಲೆ ಕೇಳಬಹುದು. ಎಲ್ಲರೂ ಕಂಡ ಘಟನೆಯೊಂದು ಎದುರಿಗಿದೆ, ಯಾರೂ ನೆನಪಿನಿಂದ ಕಥೆ ಕಟ್ಟಬೇಕಾಗಿಲ್ಲ.

ಈ ಚಟುವಟಿಕೆ ಕೆಡುವುದು ಎರಡು ಕಡೆ. ಕೋಲು ಭಾರವಾದರೆ ಅದು ಸಲೀಸಾಗಿ ಇಳಿದುಬಿಡುತ್ತದೆ, ಮಾತಾಡಲು ಏನೂ ಉಳಿಯುವುದಿಲ್ಲ. ಹನ್ನೆರಡಕ್ಕಿಂತ ಹೆಚ್ಚು ಜನ ನಿಂತರೆ ನಡುವಿನವರು ಮರೆಯಾಗಿ, ಗದ್ದಲದಲ್ಲಿ ಯಾರ ನಡವಳಿಕೆಯೂ ಕಾಣುವುದಿಲ್ಲ. ಮೂರು ನಾಲ್ಕು ಸಲ ಸೋತ ಮೇಲೆ ಕೋಲನ್ನು ಪಕ್ಕಕ್ಕಿಟ್ಟು ಯೋಜನೆಗೆ ಎರಡು ನಿಮಿಷ ಕೊಡುವುದು ವಾಡಿಕೆ. ಸಾಮಾನ್ಯವಾಗಿ ಗೆಲ್ಲುವ ದಾರಿ ಅಲ್ಲೇ ಹೊಳೆಯುವುದು: ಒಬ್ಬರ ಎಣಿಕೆಗೆ ಎಲ್ಲರೂ ಒಟ್ಟಾಗಿ ಮೊಣಕಾಲು ಮಡಿಸಿ, ಬೆರಳಿಗಿಂತ ಮೊದಲು ಮೈಯನ್ನೇ ಇಳಿಸುವುದು.

ಭಯದ ಉರಿ ಎಷ್ಟಿರಬೇಕು

ಒಲೆಯ ಉರಿ ಸಣ್ಣಗಿದ್ದರೆ ಬೇಳೆ ಬೇಯುವುದಿಲ್ಲ, ಜೋರಾದರೆ ತಳ ಹಿಡಿಯುತ್ತದೆ. ಭಯದ ಲೆಕ್ಕವೂ ಹೀಗೇ. ಈ ಕ್ಷೇತ್ರದವರು ಮೂರು ವಲಯಗಳ ಮಾತಾಡುತ್ತಾರೆ. ಹಾಯಾಗಿರುವ ವಲಯದಲ್ಲಿ ಹೊಸದೇನೂ ಕಲಿಯುವುದಿಲ್ಲ. ಅದರಾಚೆಗಿನ ವಲಯದಲ್ಲಿ ಅಳುಕಿದೆ, ಆದರೆ ಯೋಚಿಸಲು, ಮಾತಾಡಲು, ಬೇಡವೆನ್ನಲು ಆಗುತ್ತದೆ, ಕಲಿಕೆ ಇಲ್ಲೇ. ಮೂರನೆಯದು ದಿಗಿಲಿನ ವಲಯ. ಅಲ್ಲಿ ಮನಸ್ಸು ಉಳಿದುಕೊಳ್ಳುವುದನ್ನು ಮಾತ್ರ ನೋಡುತ್ತದೆ, ಕಲಿಯುವುದನ್ನಲ್ಲ. ಕಹಿ ನೆನಪು ಮಾತ್ರ ಗಟ್ಟಿಯಾಗುತ್ತದೆ.

ತೊಡಕೇನೆಂದರೆ ಈ ವಲಯಗಳ ಗೆರೆ ಪ್ರತಿಯೊಬ್ಬರಿಗೂ ಬೇರೆ. ಹತ್ತು ಮೀಟರ್ ಎತ್ತರ ಒಬ್ಬರಿಗೆ ಮೋಜು. ಅವರಿಗೇ ಗುಂಪಿನಲ್ಲಿ ‘ನನಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಕೇಳುವುದು ದಿಗಿಲು. ಆದ್ದರಿಂದ ಎತ್ತರ ಹೆಚ್ಚಿದಷ್ಟೂ ಪರಿಣಾಮ ಹೆಚ್ಚು ಎಂಬ ಲೆಕ್ಕ ತಪ್ಪು. ಆಪ್ತಸಮಾಲೋಚನೆಯ ಗುಂಪಿಗೆ ಬೇಕಾದ ಸವಾಲು ಮನುಷ್ಯರ ನಡುವೆ ಇರಬೇಕು. ಬಹುಪಾಲು ಗುಂಪುಗಳಿಗೆ ನೆಲದ ಮೇಲಿನ ಚಟುವಟಿಕೆಗಳೇ ಸಾಕು, ಅವೇ ಹೆಚ್ಚು ಮಾತು ಹೊರಡಿಸುತ್ತವೆ.

ದಿಗಿಲಿನ ಗುರುತುಗಳು ಯಾವಾಗಲೂ ಕಿರುಚಾಟವಾಗಿರುವುದಿಲ್ಲ. ಉಸಿರು ಮೇಲುಮೇಲೆ ಓಡುವುದು, ಮಾತು ನಿಂತುಹೋಗುವುದು, ನೋಟ ಒಂದೇ ಕಡೆ ನೆಡುವುದು, ಕರೆದರೂ ಓಗೊಡದಿರುವುದು, ಸಂಬಂಧವಿಲ್ಲದ ನಗು. ಇವು ಕಂಡರೆ ಚಟುವಟಿಕೆ ಅಲ್ಲಿಗೇ ನಿಲ್ಲಬೇಕು.

ಬೇಡವೆನ್ನುವ ಹಕ್ಕು

‘ಆಯ್ಕೆಯ ಸವಾಲು’ ಎಂಬ ನಿಯಮದ ಪ್ರಕಾರ ಎಷ್ಟು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂದು ಸದಸ್ಯರೇ ತೀರ್ಮಾನಿಸುತ್ತಾರೆ. ಇದನ್ನು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಸಮಾಲೋಚಕರು ಒತ್ತಾಯಿಸದಿದ್ದರೂ ಹತ್ತು ಜನ ‘ನಿನ್ನಿಂದಾಗುತ್ತೆ, ಬಾ ಬಾ’ ಎಂದು ಚಪ್ಪಾಳೆ ತಟ್ಟಿದರೆ ಅದು ಒತ್ತಾಯವೇ. ಚಿಕ್ಕಂದಿನಿಂದ ಬೇಡವೆನ್ನಲು ಬಿಡದವರ ನಡುವೆ ಬೆಳೆದವರಿಗೆ ಆ ಚಪ್ಪಾಳೆ ಹಳೆಯ ಅನುಭವದ ಇನ್ನೊಂದು ಆವೃತ್ತಿ ಅಷ್ಟೆ.

ಹಾಗೆಂದು ಪಕ್ಕಕ್ಕೆ ಕೂತು ಫೋನ್ ನೋಡುವುದು ಆಯ್ಕೆಯಾಗುವುದಿಲ್ಲ. ಹೊರಗುಳಿದವರಿಗೂ ಒಂದು ಪಾತ್ರವಿರಬೇಕು: ಸಮಯ ನೋಡುವುದು, ಸುರಕ್ಷತೆಗೆ ಕಣ್ಣಿಡುವುದು, ಯಾರ ಉಪಾಯಕ್ಕೆ ಎಷ್ಟು ಕಿವಿ ಸಿಕ್ಕಿತು ಎಂದು ಗುರುತು ಹಾಕುವುದು. ಕೆಲವೊಮ್ಮೆ ಆ ಗಂಟೆಯ ಅತ್ಯಂತ ಧೈರ್ಯದ ಕೆಲಸ ‘ನಾನು ಇದನ್ನು ಮಾಡುವುದಿಲ್ಲ’ ಎಂದವರದ್ದೇ ಆಗಿರುತ್ತದೆ.

ಇದರ ಜೊತೆಗೆ ಮೊದಲ ಭೇಟಿಯಲ್ಲಿ ಗುಂಪೇ ಕೂತು ಒಂದು ಒಪ್ಪಂದ ಬರೆಯುತ್ತದೆ. ಗೇಲಿ ಇಲ್ಲ, ಇಲ್ಲಿನ ಮಾತು ಹೊರಗೆ ಹೋಗುವುದಿಲ್ಲ, ‘ನಿಲ್ಲಿಸಿ’ ಎಂದು ಯಾರು ಹೇಳಿದರೂ ಎಲ್ಲರೂ ನಿಲ್ಲಿಸಬೇಕು ಎಂಬಂಥ ನಾಲ್ಕೈದು ಸಾಲು ಸಾಕು. ಪ್ರತಿ ಸಾಲಿಗೂ ಕಣ್ಣಿಗೆ ಕಾಣುವ ನಡವಳಿಕೆಯ ಅರ್ಥ ಇರಬೇಕು. ‘ಗೌರವ’ ಎಂದು ಬರೆದು ಬಿಟ್ಟರೆ ಅದರಿಂದ ಉಪಯೋಗವಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಎಂದು ಬರೆದರೆ ಮುರಿದಾಗ ತೋರಿಸಬಹುದು. ಗುಟ್ಟು ಕಾಯುವುದಕ್ಕೆ ಒಂದು ಹೊರತು ಇದೆ, ಅದನ್ನೂ ಅಂದೇ ಹೇಳಬೇಕು: ಯಾರದಾದರೂ ಜೀವಕ್ಕೆ ಅಪಾಯವಿದೆ, ಮಗುವಿಗೆ ಹಿಂಸೆಯಾಗುತ್ತಿದೆ ಎಂದು ತಿಳಿದರೆ ಸಮಾಲೋಚಕರು ಸುಮ್ಮನಿರುವಂತಿಲ್ಲ.

ಒಂದು ಭೇಟಿಯ ಲೆಕ್ಕ

ತೊಂಬತ್ತು ನಿಮಿಷಗಳ ಭೇಟಿಯೆಂದುಕೊಳ್ಳಿ. ಮೊದಲ ಹತ್ತು ನಿಮಿಷ ವಿಚಾರಿಸುವುದಕ್ಕೆ: ಇವತ್ತು ಮೈ ಹೇಗಿದೆ, ಮನಸ್ಸು ಹೇಗಿದೆ, ನೋವು ಗಾಯ ಏನಾದರೂ ಇದೆಯೇ. ಮುಂದಿನ ಹತ್ತು ಮೈ ಸಡಿಲಿಸುವ ಆಟಕ್ಕೆ. ಹೆಸರು ಕರೆದು ಮೆತ್ತನೆಯ ಚೆಂಡು ಎಸೆಯುವಂಥದ್ದು ಸಾಕು; ಒಂದೇ ಕ್ರಮದಲ್ಲಿ ಸುತ್ತು ಮುಗಿದ ಮೇಲೆ ಎರಡನೆಯ, ಮೂರನೆಯ ಚೆಂಡು ಸೇರಿಸುತ್ತಾರೆ. ಐದು ನಿಮಿಷ ಕೆಲಸದ ವಿವರಣೆ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಚಟುವಟಿಕೆ. ಮೂವತ್ತು ನಿಮಿಷ ಅದರ ಮೇಲಿನ ಮಾತು. ಕೊನೆಯ ಹತ್ತರಲ್ಲಿ ಪ್ರತಿಯೊಬ್ಬರೂ ಏನನ್ನು ಒಯ್ಯುತ್ತಿದ್ದೇವೆ ಎಂದು ಹೇಳಿ ಎದ್ದೇಳುವುದು.

ಮಾತಿನ ಹೊತ್ತು ಚಟುವಟಿಕೆಗಿಂತ ಹೆಚ್ಚಿರುವುದನ್ನು ಗಮನಿಸಿ. ಆಟ ಮುಗಿಯದಿದ್ದರೂ ಹೊತ್ತಾದ ಕೂಡಲೇ ನಿಲ್ಲಿಸಬೇಕು. ಅರ್ಧಕ್ಕೇ ನಿಂತ ಆಟದ ಬಗ್ಗೆ ಚೆನ್ನಾಗಿ ಮಾತಾಡಬಹುದು. ಆಟ ಮುಗಿಸಿ ಹೊತ್ತು ಕಳೆದುಕೊಂಡರೆ ಮನಸ್ಸಿನಲ್ಲಿ ಎದ್ದದ್ದನ್ನು ಹಾಗೇ ಹೊತ್ತು ಜನ ಮನೆಗೆ ಹೋಗುತ್ತಾರೆ.

ಎಂಟರಿಂದ ಹನ್ನೆರಡು ಜನರಿಗೆ ಇಬ್ಬರು ನಡೆಸುವವರಿದ್ದರೆ ಒಳ್ಳೆಯದು. ಒಬ್ಬರು ಕೆಲಸ ಮತ್ತು ಸುರಕ್ಷತೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಮುಖಗಳನ್ನು ನೋಡುತ್ತಾರೆ. ಯಾರಾದರೂ ಹೊರಗೆದ್ದು ಹೋದರೆ ಜೊತೆಗೆ ಹೋಗಲೂ ಒಬ್ಬರು ಬೇಕಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಚಟುವಟಿಕೆಗಳಿಗೆ ಒಂದು ಏರುಕ್ರಮವಿದೆ. ಪರಿಚಯ, ಸಂಕೋಚ ಬಿಡಿಸುವ ಆಟ, ಒಬ್ಬರ ಮಾತು ಒಬ್ಬರು ಕೇಳುವ ಕೆಲಸ, ಒಟ್ಟಾಗಿ ಬಿಡಿಸುವ ಸಮಸ್ಯೆ, ಅದಾದ ಮೇಲೆ ಮೈಭಾರವನ್ನೇ ಇನ್ನೊಬ್ಬರ ಕೈಗೆ ಕೊಡುವ ನಂಬಿಕೆಯ ಚಟುವಟಿಕೆ. ಹಗ್ಗದ ಅಂಕಣ, ಅಂದರೆ ಮರ ಅಥವಾ ಕಂಬಗಳ ನಡುವೆ ಹಗ್ಗ ಕಟ್ಟಿ ಹತ್ತಲು, ದಾಟಲು ಮಾಡಿದ ಜಾಗ, ಇದ್ದರೆ ಅದು ಕೊನೆಯಲ್ಲಿ. ನಂಬಿಕೆ ಬೆಳೆಸಬೇಕೆಂದು ಮೊದಲ ದಿನವೇ ಹಿಂದಕ್ಕೆ ಬೀಳಿಸುವ ಆಟ ಆಡಿಸುವುದು ತೀರಾ ಸಾಮಾನ್ಯವಾದ ತಪ್ಪು. ಆ ಆಟ ಇರುವ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ, ಇಲ್ಲದ ನಂಬಿಕೆಯನ್ನು ಹುಟ್ಟಿಸುವುದಿಲ್ಲ.

ಗುಂಪು ಎಂಬುದೂ ಒಂದೇ ಹದದಲ್ಲಿ ಇರುವುದಿಲ್ಲ. ಗುಂಪುಗಳು ಹಾಯುವ ನಾಲ್ಕು ಹಂತಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ವಿವರಿಸಿದರು: ಕೂಡುವುದು, ಕಲಹ, ಹೊಂದಾಣಿಕೆ, ಕೆಲಸಕ್ಕಿಳಿಯುವುದು. 1977ರಲ್ಲಿ ಬೀಳ್ಕೊಡುವ ಹಂತವನ್ನೂ ಸೇರಿಸಿದರು. ಆರಂಭದ ನಯ ವಿನಯ ಕಳೆದು ಜಗಳಗಳು ತಲೆಯೆತ್ತಿದಾಗ ಗುಂಪು ಕೆಟ್ಟಿತು ಎಂದು ಹೆದರಬೇಕಾಗಿಲ್ಲ. ಆದರೆ ಅಂಥ ವಾರದಲ್ಲಿ ಒಬ್ಬರ ಮೈ ಇನ್ನೊಬ್ಬರು ಹಿಡಿಯುವ ಆಟ ಬೇಡ. ಭಿನ್ನಾಭಿಪ್ರಾಯವನ್ನೇ ಕೆಲಸಕ್ಕೆ ಹಚ್ಚುವ ಸಮಸ್ಯೆ ಕೊಡುವುದು ಮೇಲು. ಎಲ್ಲರೂ ನಿಂತಿರುವ ಟಾರ್ಪಾಲನ್ನು ಯಾರೂ ನೆಲಕ್ಕೆ ಕಾಲಿಡದೆ ಮಗುಚುವುದು ಅಂಥದ್ದೊಂದು. ಎಂಟು ಜನರಿಗೆ ಸುಮಾರು 2 ಮೀಟರ್‌ಗೆ 1.5 ಮೀಟರ್ ಟಾರ್ಪಾಲು ಸಾಕಾಗುತ್ತದೆ. ಚಿಕ್ಕದಾದಷ್ಟೂ ಮೈಗೆ ಮೈ ತಾಗುತ್ತದೆ, ಆದ್ದರಿಂದ ಮುಟ್ಟುವಿಕೆಯ ಬಗ್ಗೆ ಮುಜುಗರವಿರುವ ಗುಂಪಿಗೆ ಟಾರ್ಪಾಲು ದೊಡ್ಡದಿರಲಿ, ಇಲ್ಲವೇ ಆಟ ಬೇರೆಯಿರಲಿ.

ಆರಿಸುವ ಮೊದಲು ಆರು ವಿಷಯ ನೋಡಬೇಕೆಂದು ಪ್ರಾಜೆಕ್ಟ್ ಅಡ್ವೆಂಚರ್ ಬಳಗದವರು ಬರೆದಿಟ್ಟಿದ್ದಾರೆ: ಗುಂಪಿನ ಗುರಿ, ಸಿದ್ಧತೆ, ಇವತ್ತಿನ ಭಾವ, ನಡವಳಿಕೆ, ದೇಹದ ಸ್ಥಿತಿ, ಗುಂಪು ಇರುವ ಹಂತ. ಅನುಭವಿಗಳು ಇದನ್ನು ಹಾಳೆಯಲ್ಲಿ ಬರೆಯದೆ ಮೊದಲ ಹತ್ತು ನಿಮಿಷದಲ್ಲಿ ಮನಸ್ಸಿನಲ್ಲೇ ಓಡಿಸುತ್ತಾರೆ, ಬೇಕಾದರೆ ತಂದ ಯೋಜನೆಯನ್ನು ಚೀಲದಲ್ಲೇ ಬಿಡುತ್ತಾರೆ.

ಹಿಡಿಯುವುದನ್ನು ಮೊದಲು ಕಲಿಸಬೇಕು

ಬೀಳುವವರನ್ನು, ವಾಲುವವರನ್ನು ಆತುಕೊಳ್ಳುವ ಕೆಲಸಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ವಾಲುವ ಚಟುವಟಿಕೆಯನ್ನು ಹೆಚ್ಚುಕಡಿಮೆ ಒಂದೇ ಎತ್ತರ, ತೂಕದ ಇಬ್ಬರಿಂದ ಶುರುಮಾಡುತ್ತಾರೆ. ಹಿಡಿಯುವವರ ಒಂದು ಕಾಲು ಮುಂದೆ, ಒಂದು ಹಿಂದೆ, ಮೊಣಕಾಲು ಸಡಿಲ, ಮೊಣಕೈ ಮಡಿಸಿ ಅಂಗೈ ಮುಂದಕ್ಕೆ, ಬೆರಳುಗಳು ಕೂಡಿರಬೇಕು. ಕೈ ತಾಗಬೇಕಾದ್ದು ಹೆಗಲ ಮೂಳೆಗಳಿಗೆ, ಕುತ್ತಿಗೆಗಲ್ಲ, ಸೊಂಟಕ್ಕೂ ಅಲ್ಲ. ವಾಲುವವರು ಕನ್ನಡಕ, ಪೆನ್ನು, ಬೀಗದ ಕೈ ತೆಗೆದಿಟ್ಟು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿ, ಮೈಯನ್ನು ಹಲಗೆಯಂತೆ ನೆಟ್ಟಗೆ ಇಡುತ್ತಾರೆ. ಆಮೇಲೆ ಮಾತುಗಳು, ಇದೇ ಕ್ರಮದಲ್ಲಿ: ‘ಹಿಡಿಯಲು ಸಿದ್ಧವೇ?’ ‘ಸಿದ್ಧ.’ ‘ವಾಲುತ್ತೇನೆ.’ ‘ವಾಲಿ.’ ಕೊನೆಯ ಉತ್ತರ ಬರುವ ತನಕ ಯಾರೂ ಅಲುಗಬಾರದು. ಮೊದಲ ಸಲ ಕೈಗೂ ಬೆನ್ನಿಗೂ ಗೇಣು ಅಂತರ ಸಾಕು.

ತಪ್ಪಾಗುವುದು ಹೆಚ್ಚಾಗಿ ಸೊಂಟದಲ್ಲಿ. ವಾಲುವವರು ಹೆದರಿ ಕೂರುವಂತೆ ಸೊಂಟ ಮಡಿಸಿದರೆ ಭಾರವೆಲ್ಲ ನೇರ ಕೆಳಗಿಳಿಯುತ್ತದೆ, ಹೆಗಲಿಗೆ ಹಿಡಿದ ಕೈಗೆ ಅದು ಸಿಗುವುದಿಲ್ಲ. ಇನ್ನೊಂದು ತಪ್ಪು ತಮಾಷೆ. ಹಿಡಿದಂತೆ ಮಾಡಿ ಕೈ ಬಿಡುವ ಚೇಷ್ಟೆ ಒಮ್ಮೆ ನಡೆದರೂ ಅವತ್ತಿಗೆ ಆ ಚಟುವಟಿಕೆ ಮುಗಿಯಿತು. ಉಳಿದ ಹೊತ್ತು ಅದರ ಬಗ್ಗೆ ಮಾತಾಡುವುದಕ್ಕೆ. ಮೇಜು, ಕಟ್ಟೆಯ ಮೇಲಿಂದ ಹಿಂದಕ್ಕೆ ಬೀಳಿಸುವುದನ್ನು ಆಪ್ತಸಮಾಲೋಚನೆಯ ಗುಂಪುಗಳಲ್ಲಿ ಮಾಡದಿರುವುದೇ ಲೇಸು. ತಲೆ, ಕುತ್ತಿಗೆಗೆ ಪೆಟ್ಟಾಗುವ ಸಾಧ್ಯತೆ ನಿಜವಾದದ್ದು, ಅದರಿಂದ ಸಿಗುವ ಮಾತು ನೆಲದ ಮೇಲೂ ಸಿಗುತ್ತದೆ.

ಎತ್ತರದ ಹಗ್ಗದ ಅಂಕಣದ ಕಥೆ ಬೇರೆ. ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್, ಹೆಲ್ಮೆಟ್, ಹಗ್ಗ ಸಿಕ್ಕಿಸುವ ಬೀಗವಿರುವ ಕೊಂಡಿ (ಕ್ಯಾರಬೀನರ್), ಹಗ್ಗ ಹಿಡಿದು ಕಾಯುವ ಬಿಲೇ ವ್ಯವಸ್ಥೆ, ಇವಕ್ಕೆಲ್ಲ ಅದಕ್ಕಾಗಿಯೇ ತರಬೇತಾದವರು ಬೇಕು. ಒಳ್ಳೆಯ ಆಪ್ತಸಮಾಲೋಚಕರು ಎಂಬುದು ಬಿಲೇ ಮಾಡುವ ಅರ್ಹತೆಯಲ್ಲ. ಬಿಲೇ ಗೊತ್ತಿದೆ ಎಂಬುದು ಅಳುತ್ತಿರುವವರ ಜೊತೆ ಕೂರುವ ಅರ್ಹತೆಯೂ ಅಲ್ಲ.

ಮಾತಿನ ಮೂವತ್ತು ನಿಮಿಷ

ಚಟುವಟಿಕೆಯ ನಂತರ ಅದನ್ನು ಬಿಚ್ಚಿ ನೋಡುವುದಕ್ಕೆ ಡಿಬ್ರೀಫಿಂಗ್ ಎಂಬ ಹೆಸರಿದೆ. (ಭೀಕರ ಘಟನೆ ನಡೆದ ಕೂಡಲೇ ಸಂತ್ರಸ್ತರಿಂದ ಅದನ್ನು ವಿವರವಾಗಿ ಹೇಳಿಸುವ ಕ್ರಮಕ್ಕೂ ಇದೇ ಹೆಸರಿತ್ತು, ಅದನ್ನು ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಬೇರೆ.) ಅತಿ ಸರಳವಾದ ಚೌಕಟ್ಟು ಮೂರು ಪ್ರಶ್ನೆಗಳದ್ದು: ಏನಾಯಿತು? ಅದರಿಂದೇನು? ಇನ್ನು ಮುಂದೇನು?

ಮೊದಲ ಪ್ರಶ್ನೆಯಲ್ಲಿ ಕಂಡದ್ದು, ಕೇಳಿದ್ದು ಮಾತ್ರ. ‘ಅವಳು ಸ್ವಾರ್ಥಿ’ ಎಂಬುದು ತೀರ್ಪು. ‘ಅವಳು ಮೂರು ಸಲ ಕೋಲು ಬಿಟ್ಟಳು’ ಎಂಬುದು ಕಂಡದ್ದು. ಎರಡನೆಯದರಲ್ಲಿ ಅರ್ಥ: ಆ ಹೊತ್ತಿಗೆ ಮೈಯಲ್ಲಿ ಏನಾಗುತ್ತಿತ್ತು, ಇಂಥದ್ದು ಬೇರೆಲ್ಲಿ ಆಗುತ್ತದೆ? ಮೂರನೆಯದು ಮುಂದಿನ ವಾರಕ್ಕೆ. ಹೊಸಬರು ನೇರ ಎರಡನೆಯ ಪ್ರಶ್ನೆಗೆ ಹಾರುತ್ತಾರೆ, ‘ಇದರಿಂದ ಏನು ಕಲಿತಿರಿ?’ ಎನ್ನುತ್ತಾರೆ. ಉತ್ತರವೂ ಸಿದ್ಧವಾಗಿ ಬರುತ್ತದೆ: ‘ಒಗ್ಗಟ್ಟಿನಲ್ಲಿ ಬಲವಿದೆ.’ ಪರೀಕ್ಷೆಯಲ್ಲಿ ಬರೆದ ಹಾಗೆ. ಅಲ್ಲಿಗೆ ಮಾತು ಸತ್ತಿತು.

ಅರ್ಥ ತುಂಬುವ ಕೆಲಸವನ್ನು ಕೆಲವೊಮ್ಮೆ ಚಟುವಟಿಕೆಯ ರಚನೆಯಲ್ಲೇ ಸೇರಿಸಿರುತ್ತಾರೆ. ವ್ಯಸನಮುಕ್ತಿ ಗುಂಪುಗಳಲ್ಲಿ ಬಳಸುವ ಹಗ್ಗದ ಜಾಲ ಇದಕ್ಕೆ ಚೆನ್ನಾದ ಉದಾಹರಣೆ. ಮರ ಅಥವಾ ಕಂಬಗಳ ನಡುವೆ ಸೊಂಟಮಟ್ಟದಲ್ಲಿ ಹಗ್ಗ ಕಟ್ಟಿ, ಎಲ್ಲೂ ತೆರೆಯದ ಆವರಣ ಮಾಡುತ್ತಾರೆ. ಸದಸ್ಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಗ್ಗ ಹಿಡಿದು ಹೊರದಾರಿ ಹುಡುಕುತ್ತಾರೆ. ‘ನೆರವು ಬೇಕಾದರೆ ಕೈ ಎತ್ತಿ’ ಎಂದು ಆರಂಭದಲ್ಲೂ ನಡುನಡುವೆಯೂ ಹೇಳುತ್ತಿರುತ್ತಾರೆ. ಕೈ ಎತ್ತಿದವರನ್ನು ಸದ್ದಿಲ್ಲದೆ ಹಗ್ಗದಡಿಯಿಂದ ಹೊರಗೆ ತರುತ್ತಾರೆ. ಹೊರದಾರಿ ಅದೊಂದೇ. ಹತ್ತು ನಿಮಿಷ ಕಳೆದರೂ ಕೈ ಎತ್ತದೆ ಸುತ್ತುವವರಿರುತ್ತಾರೆ. ಆಮೇಲಿನ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: ಹೇಳಿದ್ದು ಕೇಳಿಸಿತ್ತು, ಹಾಗಿದ್ದೂ ಕೈ ಎತ್ತಲು ಏನು ತಡೆಯಿತು? ಮೊದಲೇ ಹೊರಬಂದವರು ಸೋತೆವು ಎಂದುಕೊಂಡರೇ?

ಇದೇ ಚಟುವಟಿಕೆ ಹದ ತಪ್ಪಿದರೆ ಮೋಸವೆನಿಸುತ್ತದೆ. ಕೊನೆಗೆ ಒಬ್ಬರೇ ಉಳಿದು, ಹೊರಗಿದ್ದವರು ನಗುತ್ತಿದ್ದರೆ ಅದು ಅವಮಾನ. ಆದ್ದರಿಂದ ಹೊರಬಂದವರು ಮೌನವಾಗಿರಬೇಕು, ಹದಿನೈದು ಇಪ್ಪತ್ತು ನಿಮಿಷಕ್ಕೆ ಗಡಿ ಹಾಕಬೇಕು, ಇಬ್ಬರು ಮೂವರು ಉಳಿದಿರುವಾಗಲೇ ನಿಲ್ಲಿಸಬೇಕು. ಕಣ್ಣಿಗೆ ಬಟ್ಟೆ ಬೇಡವೆಂದವರು ಕಣ್ಣು ಮುಚ್ಚಿಕೊಂಡರೆ ಸಾಕು, ಯಾವಾಗ ಬೇಕಾದರೂ ತೆರೆಯಬಹುದು.

ಡಿಬ್ರೀಫಿಂಗ್‌ನಲ್ಲಿ ಸಮಾಲೋಚಕರಿಗೆ ಅತಿ ಕಷ್ಟವಾದದ್ದು ಸುಮ್ಮನಿರುವುದು. ಪ್ರಶ್ನೆ ಕೇಳಿ ಹತ್ತು ಸೆಕೆಂಡು ಕಾಯುವುದು ಬಹಳ ದೀರ್ಘವೆನಿಸುತ್ತದೆ. ಆದರೆ ಮೆಲುದನಿಯವರು ಬಾಯಿ ತೆರೆಯುವುದು ಆ ಹತ್ತನೆಯ ಸೆಕೆಂಡಿನ ನಂತರವೇ. ಮಾತೇ ಹೊರಡದ ಗುಂಪಿನಲ್ಲಿ ಬೇರೆ ದಾರಿಗಳಿವೆ: ಒಂದರಿಂದ ಐದು ಬೆರಳು ತೋರಿಸುವುದು, ಚಿತ್ರಗಳ ರಾಶಿಯಿಂದ ಒಂದನ್ನು ಆರಿಸುವುದು, ಮೊದಲು ಇಬ್ಬಿಬ್ಬರೇ ಮಾತಾಡಿ ಆಮೇಲೆ ಗುಂಪಿಗೆ ತರುವುದು.

ಯಾರ ವಿಷಯದಲ್ಲಿ ಹೆಚ್ಚಿನ ಎಚ್ಚರ

ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ, ಹತೋಟಿಯಲ್ಲಿಲ್ಲದ ಮೂರ್ಛೆರೋಗ, ಮೂಳೆ ಸವೆತ ಇದ್ದವರಿಗೆ ಮೈಗೆ ಶ್ರಮ ಕೊಡುವ ಚಟುವಟಿಕೆಗೆ ಮೊದಲು ವೈದ್ಯರ ಮಾತು ಬೇಕು. ಆಸ್ತಮಾ ಇರುವವರ ಇನ್‌ಹೇಲರ್ ಚೀಲದಲ್ಲಲ್ಲ, ಕೈಗೆ ಸಿಗುವ ಕಡೆ ಇರಬೇಕು. ಮಾನಸಿಕ ಕಾಯಿಲೆಯ ಔಷಧಿಗಳನ್ನು ಜನ ಮರೆಯುತ್ತಾರೆ. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೇರಬಹುದು. ನಿದ್ದೆ ಬರಿಸುವ ಔಷಧಿಗಳು ಸಮತೋಲ ತಪ್ಪಿಸುತ್ತವೆ.

ಮನಸ್ಸಿನ ಕಡೆ ನೋಡಿದರೆ, ವಾಸ್ತವದ ಅರಿವು ತಪ್ಪಿರುವವರಿಗೆ, ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರಿಗೆ, ಅಮಲಿನಲ್ಲಿ ಬಂದವರಿಗೆ ಅಂದು ಬೇರೆ ಬಗೆಯ ನೆರವು ಬೇಕು, ಈ ಗುಂಪಲ್ಲ. ಹಿಂಸೆ, ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಕಣ್ಣು ಕಟ್ಟುವುದು, ಮುಟ್ಟುವುದು, ಇಕ್ಕಟ್ಟಾಗಿ ನಿಲ್ಲಿಸುವುದು ಹಳೆಯದನ್ನು ಒಮ್ಮೆಲೇ ಎಬ್ಬಿಸಬಲ್ಲವು. ಗುಂಪಿನಲ್ಲಿ ಯಾರಿಗೆ ಏನಾಗಿದೆ ಎಂಬುದು ಎಲ್ಲವೂ ಗೊತ್ತಿರುವುದಿಲ್ಲ. ಹಾಗಾಗಿ ಪ್ರತಿ ಗುಂಪಿನಲ್ಲೂ ಅಂಥ ಒಬ್ಬರಾದರೂ ಇದ್ದಾರೆಂದೇ ಎಣಿಸಿ ಯೋಜಿಸುವುದು ಸುರಕ್ಷಿತ.

ಸೇರುವ ಮೊದಲು, ಅಥವಾ ಮನೆಯವರನ್ನು ಕಳಿಸುವ ಮೊದಲು, ಕೆಲವು ನೇರ ಪ್ರಶ್ನೆ ಕೇಳಬಹುದು. ನಡೆಸುವವರಿಗೆ ಆಪ್ತಸಮಾಲೋಚನೆಯ ತರಬೇತಿ ಎಲ್ಲಿಯದು, ಚಟುವಟಿಕೆಯ ತರಬೇತಿ ಎಲ್ಲಿಯದು? ಬೇಡವೆಂದರೆ ಏನು ಮಾಡುತ್ತೀರಿ? ಚಟುವಟಿಕೆಗೆ ಎಷ್ಟು ಹೊತ್ತು, ಮಾತಿಗೆ ಎಷ್ಟು ಹೊತ್ತು? ಫೋಟೋ, ವಿಡಿಯೋ ತೆಗೆಯುತ್ತೀರಾ? ಕೊನೆಯದನ್ನು ಸಣ್ಣದೆಂದುಕೊಳ್ಳಬೇಡಿ. ಆಪ್ತಸಮಾಲೋಚನೆಯ ಗುಂಪಿನ ಫೋಟೋ ಪ್ರಚಾರಕ್ಕೆ ಹೋದರೆ ಗುಟ್ಟು ಕಾಯುವ ಒಪ್ಪಂದಕ್ಕೆ ಅರ್ಥವೇ ಇಲ್ಲ.

ಫಲ ಎಷ್ಟು

ಸಂಶೋಧಕರಾದ ಡೇನಿಯಲ್ ಬೋವೆನ್ ಮತ್ತು ಜೇಮ್ಸ್ ನೀಲ್ 2013ರಲ್ಲಿ ಸಾಹಸ ಚಿಕಿತ್ಸೆಯ 197 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಕಾರ್ಯಕ್ರಮ ಮುಗಿದಾಗಿನ ಸುಧಾರಣೆಯ ಪ್ರಮಾಣ ಸರಾಸರಿ 0.47 ಎಂದು ಬಂತು. ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಅದು ಮಧ್ಯಮ ಪರಿಣಾಮ: ಗಮನಿಸುವಷ್ಟಿದೆ, ಪವಾಡವಲ್ಲ. ಕಾಡಿನಲ್ಲಿ ವಾರಗಟ್ಟಲೆ ಇರುವ ಕಾರ್ಯಕ್ರಮಗಳನ್ನೂ ಕೋಣೆಯೊಳಗಿನ ಗುಂಪುಗಳನ್ನೂ ಒಂದೇ ತಕ್ಕಡಿಗೆ ಹಾಕುವಾಗ ಅಂಕಿಗಳನ್ನು ಸ್ವಲ್ಪ ಹಿಡಿದು ಓದಬೇಕು. ಈ ವಿಧಾನ ಔಷಧಿಗೆ, ಒಬ್ಬೊಬ್ಬರ ಜೊತೆಗಿನ ಆಪ್ತಸಮಾಲೋಚನೆಗೆ ಬದಲಿಯಲ್ಲ. ಅವುಗಳ ಜೊತೆಗೆ ನಡೆಯುವಂಥದ್ದು.

ಅಂಗಳದಿಂದ ಮನೆಗೆ

ಗುಂಪಿನಲ್ಲಿ ಕೈ ಎತ್ತಿ ನೆರವು ಕೇಳಿದವರು ಮನೆಯಲ್ಲೂ ಕೇಳುತ್ತಾರೆ ಎಂಬ ಖಾತರಿ ಇಲ್ಲ. ಅಲ್ಲಿನ ಜನ ಬೇರೆ, ಹಳೆಯ ಸಿಟ್ಟು ಬೇರೆ, ಒಪ್ಪಂದ ಬರೆದ ಹಾಳೆಯೂ ಇಲ್ಲ. ಅದಕ್ಕೇ ಪ್ರತಿ ಭೇಟಿಯ ಕೊನೆಗೆ ಒಂದೇ ಒಂದು ಸಣ್ಣ ಕೆಲಸ ಗೊತ್ತುಮಾಡಿಕೊಳ್ಳುತ್ತಾರೆ. ‘ಇನ್ನು ಮುಂದೆ ಎಲ್ಲರ ಜೊತೆ ಮುಕ್ತವಾಗಿ ಮಾತಾಡುತ್ತೇನೆ’ ಎಂಬುದು ಕೆಲಸಕ್ಕೆ ಬಾರದ ಗುರಿ. ‘ಗುರುವಾರ ಸಂಜೆ ಅಕ್ಕನ ಹತ್ತಿರ ಸಾಲದ ವಿಷಯ ಒಂದು ಸಲ ತೆಗೆಯುತ್ತೇನೆ’ ಎಂದರೆ ಯಾರು, ಯಾವಾಗ, ಏನು ಎಂಬುದೆಲ್ಲ ಅದರಲ್ಲಿದೆ. ಮುಂದಿನ ಭೇಟಿಯ ಮೊದಲ ಹತ್ತು ನಿಮಿಷದಲ್ಲಿ ಅದನ್ನು ವಿಚಾರಿಸುತ್ತಾರೆ. ಆಗಲಿಲ್ಲ ಎಂದರೆ ಏಕೆ ಆಗಲಿಲ್ಲವೆಂದು ಬೈಯುವುದಿಲ್ಲ, ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡುತ್ತಾರೆ: ಮಾತಾಡುವುದು ಬೇಡ, ‘ನಿನ್ನ ಹತ್ತಿರ ಒಂದು ವಿಷಯ ಹೇಳುವುದಿದೆ’ ಎಂದು ಒಂದು ಸಂದೇಶ ಕಳಿಸಿದರೆ ಸಾಕು.